ಸಾಂಕ್ರಾಮಿಕ ಬಂದಾಗ ಆಶ್ರಯ ಕೇಂದ್ರಗಳಿಗೆ ಸ್ಥಳೀಯ ಆಡಳಿತ ಹಣ ಕೊಡುವ ರೀತಿ ಹೇಗಿರಬೇಕು?

ಕಿಟಕಿ_ಬೆಳಕು

ಎಲ್ಲರಿಗೂ ನಮಸ್ಕಾರ. ಮನೆ ಇಲ್ಲದವರ ಆಶ್ರಯ ಕೇಂದ್ರವೊಂದರ ಸಮಿತಿಯಲ್ಲಿ ನಾನಿದ್ದೇನೆ. ಕೇಂದ್ರ ನಡೆಸುವುದು ಒಂದು ಸ್ವಯಂಸೇವಾ ಸಂಸ್ಥೆ, ಹಣ ಬರುವುದು ಸ್ಥಳೀಯ ಆಡಳಿತದಿಂದ. ಈಗ ಆಡಳಿತದವರು ಒಂದು ತುರ್ತು ಯೋಜನೆ ಬರೆಯುತ್ತಿದ್ದಾರೆ, ಕೊರೊನಾ ತರಹದ್ದು ಮತ್ತೆ ಬಂದರೆ ಯಾರು ಏನು ಮಾಡಬೇಕು ಅಂತ. ಕರಡನ್ನು ನಮ್ಮ ಸಮಿತಿಗೂ ಕಳಿಸಿ ಅಭಿಪ್ರಾಯ ಕೇಳಿದ್ದಾರೆ. ಆಸ್ಪತ್ರೆ, ಆಂಬುಲೆನ್ಸ್, ಸ್ಮಶಾನದ ಬಗ್ಗೆ ಪುಟಗಟ್ಟಲೆ ಇದೆ. ಆಶ್ರಯ ಕೇಂದ್ರಗಳ ಬಗ್ಗೆ ಇರುವುದು ಒಂದೇ ಸಾಲು: "ಅಗತ್ಯಕ್ಕೆ ಅನುಗುಣವಾಗಿ ಹೆಚ್ಚುವರಿ ಅನುದಾನ ಒದಗಿಸಲಾಗುವುದು."

ಅಗತ್ಯ ಎಷ್ಟು ಅಂತ ಯಾರು ಹೇಳುತ್ತಾರೆ? ಯಾವ ದಿನ ಹಣ ಬರುತ್ತದೆ? ಬರುವ ತನಕ ಅಡುಗೆಯವರ ಸಂಬಳ ಯಾರು ಕೊಡುತ್ತಾರೆ? ಇದು ಯಾವುದೂ ಅಲ್ಲಿಲ್ಲ. 2020ರಲ್ಲಿ ಹಲವು ದೇಶಗಳಲ್ಲಿ ದೊಡ್ಡ ದೊಡ್ಡ ಮೊತ್ತ ಘೋಷಣೆ ಆಯಿತು, ಪತ್ರಿಕೆಯಲ್ಲಿ ಓದಿದ್ದೇವೆ. ಆದರೆ ಕೇಂದ್ರದ ಬಾಗಿಲಿಗೆ ಹಣ ತಲುಪುವ ಹೊತ್ತಿಗೆ ಏನೇನಾಯಿತು ಅನ್ನುವುದು ಅದರಲ್ಲಿ ಇದ್ದವರಿಗೇ ಗೊತ್ತಿರುತ್ತದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಹಣವನ್ನು ತಲೆ ಲೆಕ್ಕದಲ್ಲಿ ಕೊಡುವುದು ಸರಿಯೋ, ಕೇಂದ್ರಕ್ಕೆ ಇಷ್ಟು ಅಂತ ಕೊಡುವುದು ಸರಿಯೋ? ಹೋಟೆಲ್ ಕೋಣೆ ಬಾಡಿಗೆಗೆ ಹಿಡಿದು ಜನರನ್ನು ಇಡುವುದು ನಿಜಕ್ಕೂ ಪ್ರಯೋಜನಕ್ಕೆ ಬಂತಾ? ಇನ್ನೊಂದು, "ನೀವು ಖರ್ಚು ಮಾಡಿ, ಆಮೇಲೆ ಮರುಪಾವತಿ ಮಾಡುತ್ತೇವೆ" ಅಂತ ಮೇಲಿನ ಸರ್ಕಾರ ಹೇಳಿದರೆ ಸ್ಥಳೀಯ ಆಡಳಿತ ಅದನ್ನು ನಂಬಿ ಖರ್ಚು ಮಾಡಬಹುದಾ? ಅಭಿಪ್ರಾಯ ಕಳಿಸಲು ಹೆಚ್ಚು ದಿನ ಇಲ್ಲ. ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಬರೆಯಿರಿ.

ರಾತ್ರಿಪಾಳಿ

ಮೇಡಂ, ನಾನು 2020ರಲ್ಲಿ ಒಂದು ಆಶ್ರಯ ಕೇಂದ್ರದಲ್ಲಿ ರಾತ್ರಿ ಮೇಲ್ವಿಚಾರಕನಾಗಿದ್ದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತಲ್ಲಿ: ತಲೆ ಲೆಕ್ಕ ಬೇಡ. ಯಾಕೆ ಅಂತ ಹೇಳುತ್ತೇನೆ.

ದೊಡ್ಡ ಹಾಲ್ ಇರುವ ಕೇಂದ್ರ ಅಂದುಕೊಳ್ಳಿ. ಮಾಮೂಲಿ ದಿನಗಳಲ್ಲಿ ಹಾಸಿಗೆಗಳು ಕೈ ಚಾಚಿದರೆ ಪಕ್ಕದವರಿಗೆ ತಾಗುವಷ್ಟು ಹತ್ತಿರ ಇರುತ್ತವೆ. ಕೊರೊನಾ ಬಂದ ಮೇಲೆ ಎರಡು ಹಾಸಿಗೆಗಳ ನಡುವೆ 6 ಅಡಿ ಬಿಡಿ, ಒಬ್ಬರ ತಲೆ ಇರುವ ಕಡೆ ಪಕ್ಕದವರ ಕಾಲು ಬರುವ ಹಾಗೆ ಮಲಗಿಸಿ ಅಂತ ಸೂಚನೆ ಬಂತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿ.ಡಿ.ಸಿ. ಕೊಟ್ಟ ಸೂಚನೆಯೂ ಹೆಚ್ಚುಕಡಿಮೆ ಇದೇ. ನಾವು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆದೆವು. ಎಳೆದು ಮುಗಿದಾಗ ಅರ್ಧಕ್ಕಿಂತ ಜಾಸ್ತಿ ಹಾಸಿಗೆ ಗೋಡೆಗೆ ಒರಗಿಸಿ ಇಡಬೇಕಾಯಿತು. ಆ ಹಾಸಿಗೆಗಳಲ್ಲಿ ಮಲಗುತ್ತಿದ್ದವರು ಎಲ್ಲಿ ಹೋಗಬೇಕು ಅಂತ ಸೂಚನೆಯಲ್ಲಿ ಇರಲಿಲ್ಲ.

ಈಗ ಹಣದ ವಿಷಯಕ್ಕೆ ಬನ್ನಿ. ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ ಅನುದಾನ ಇದ್ದರೆ, ಜನ ಅರ್ಧ ಆದ ತಕ್ಷಣ ಹಣವೂ ಅರ್ಧ. ಆದರೆ ಖರ್ಚು ಯಾವುದು ಅರ್ಧ ಆಯಿತು? ಕಾವಲಿನವರು ಅಷ್ಟೇ ಜನ ಬೇಕು, ಕರೆಂಟು ಬಿಲ್ ಅಷ್ಟೇ, ಕಟ್ಟಡದ ಬಾಡಿಗೆ ಅಷ್ಟೇ. ಅದರ ಮೇಲೆ ಹೊಸ ಖರ್ಚು. ತುಂಬಾ ಕೇಂದ್ರಗಳು ಬೆಳಿಗ್ಗೆ ಖಾಲಿ ಮಾಡಿಸುತ್ತವೆ, ಜನ ಕೆಲಸಕ್ಕೋ ಎಲ್ಲಿಗೋ ಹೋಗಿ ಸಂಜೆ ಬರುತ್ತಾರೆ. ಲಾಕ್‌ಡೌನ್ ಆದಾಗ ಹೊರಗೆ ಹೋಗಲು ಜಾಗವೇ ಇಲ್ಲ, ಹಾಗಾಗಿ ಹಗಲೂ ತೆರೆದಿರಬೇಕು. ಅಂದರೆ ಹಗಲು ಪಾಳಿಗೆ ಸಿಬ್ಬಂದಿ, ಮೂರು ಹೊತ್ತು ಊಟ, ಶೌಚಾಲಯ ಗಂಟೆಗೊಮ್ಮೆ ತೊಳೆಯುವುದು, ಸೋಪು, ಮಾಸ್ಕು. ಇದ್ಯಾವುದಕ್ಕೂ ಹಳೆಯ ಅನುದಾನದಲ್ಲಿ ಜಾಗ ಇರಲಿಲ್ಲ.

ಸಿಬ್ಬಂದಿ ಬಗ್ಗೆ ಪ್ರತ್ಯೇಕ ಸಾಲು ಬರೆಸಿ. ಎಷ್ಟೋ ಕೇಂದ್ರಗಳು ನಡೆಯುವುದು ನಿವೃತ್ತರಾದ ಸ್ವಯಂಸೇವಕರಿಂದ. ವಯಸ್ಸಾದವರಿಗೇ ಅಪಾಯ ಜಾಸ್ತಿ, ಅವರು ಮನೆಯಲ್ಲಿ ಇರಲೇಬೇಕಾಯಿತು. ಅವರ ಜಾಗಕ್ಕೆ ಸಂಬಳದವರನ್ನು ತರಬೇಕು. ಇದ್ದ ಸಿಬ್ಬಂದಿಗೆ ಜ್ವರ ಬಂದರೆ ರಜೆಯ ಸಂಬಳವನ್ನೂ ಕೊಡಬೇಕು, ಬದಲಿ ಬಂದವರಿಗೂ ಕೊಡಬೇಕು. ರಜೆ ಹಾಕಿದರೆ ಸಂಬಳ ಕಟ್ ಅಂದರೆ ಜನ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ, ಅವರನ್ನು ಬೈದು ಏನೂ ಉಪಯೋಗ ಇಲ್ಲ, ಹೊಟ್ಟೆಪಾಡು.

ಬಾಗಿಲಲ್ಲಿ ಜ್ವರ ನೋಡಿ ಒಳಗೆ ಬಿಟ್ಟರೆ ಸಾಕು ಅಂತ ಆಗ ಎಲ್ಲರೂ ನಂಬಿದ್ದೆವು. ಅಮೆರಿಕದ ಬಾಸ್ಟನ್ ನಗರದಲ್ಲಿ 2020ರ ಏಪ್ರಿಲ್ ಆರಂಭದಲ್ಲಿ ಒಂದು ದೊಡ್ಡ ಆಶ್ರಯ ಕೇಂದ್ರದಲ್ಲಿ ಲಕ್ಷಣ ಇರಲಿ ಬಿಡಲಿ, 408 ಜನರಿಗೆ ಪರೀಕ್ಷೆ ಮಾಡಿದರು. 147 ಜನರಿಗೆ ಸೋಂಕು ಇತ್ತು, ಅಂದರೆ ಶೇ. 36. ಸೋಂಕು ಇದ್ದವರಲ್ಲಿ ಜ್ವರ ಇದ್ದವರು ಶೇ. 1ಕ್ಕಿಂತ ಕಡಿಮೆ. ಜ್ವರ ನೋಡುವ ಯಂತ್ರ ಕೊಂಡು ಕೈ ತೊಳೆದುಕೊಂಡರೆ ಆಗಲ್ಲ. ಎಲ್ಲರಿಗೂ ಪರೀಕ್ಷೆ ಮಾಡಿಸುವ ಖರ್ಚು, ಸೋಂಕು ಬಂದವರನ್ನು ಬೇರೆ ಇಡುವ ಜಾಗ, ಎರಡೂ ಯೋಜನೆಯಲ್ಲಿ ಇರಬೇಕು.

ಇನ್ನೊಂದೇ ಮಾತು. ರಾತ್ರಿ ಹತ್ತು ಗಂಟೆಗೆ ಗೇಟಿನ ಹತ್ತಿರ ಒಬ್ಬರು ಬಟ್ಟೆ ಗಂಟು ಹಿಡಿದು ನಿಂತಿರುತ್ತಾರೆ. ಒಳಗೆ ಗೆರೆ ಎಳೆದ ಜಾಗ ಭರ್ತಿ. ಇಲ್ಲ ಅನ್ನಬೇಕಾದದ್ದು ಗೇಟಿನಲ್ಲಿರುವ ಕಾವಲಿನವರು, ಅನುದಾನದ ಆದೇಶ ಬರೆದವರಲ್ಲ. ಹಾಸಿಗೆ ಕಡಿಮೆ ಮಾಡಿ ಅಂತ ಹೇಳುವ ಆದೇಶದಲ್ಲೇ, ಉಳಿದವರನ್ನು ಎಲ್ಲಿಗೆ ಕಳಿಸಬೇಕು ಅನ್ನುವ ವಿಳಾಸವೂ ಇರಬೇಕು. ನನ್ನನ್ನು ಕೇಳಿದರೆ ಇಡೀ ಯೋಜನೆಯಲ್ಲಿ ಇದು ಮುಖ್ಯ.

ಲೆಕ್ಕದ_ಪುಟ

ಸ್ಥಳೀಯ ಆಡಳಿತದ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು ನಾನು, ಈಗ ನಿವೃತ್ತ. ರಾತ್ರಿಪಾಳಿ ಅವರು ಬರೆದದ್ದು ನೂರಕ್ಕೆ ನೂರು ಸರಿ. ನಾನು ಮರುಪಾವತಿ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಕೇಂದ್ರಗಳು ಮುಚ್ಚಿಹೋಗುವುದು ಅಲ್ಲೇ.

ಮರುಪಾವತಿ ಅಂದರೆ ಮೊದಲು ನಿಮ್ಮ ಕೈಯಲ್ಲಿ ಹಣ ಇರಬೇಕು. ದೊಡ್ಡ ನಗರಕ್ಕೆ ಮೀಸಲು ನಿಧಿ ಇರುತ್ತದೆ, ಸಾಲ ಸಿಗುತ್ತದೆ. ಸಣ್ಣ ಊರಿನ ಆಡಳಿತಕ್ಕೆ ಆ ತಿಂಗಳ ಸಂಬಳ ಕೊಟ್ಟರೆ ಖಾತೆ ಖಾಲಿ. ಅದರ ಕೆಳಗಿರುವ ಸ್ವಯಂಸೇವಾ ಸಂಸ್ಥೆಯ ಸ್ಥಿತಿ ಇನ್ನೂ ಕಷ್ಟ. ಖರ್ಚು ಮಾಡಿ ಬಿಲ್ ಕೊಡಿ ಅಂದರೆ ಅವರು ಎಲ್ಲಿಂದ ಖರ್ಚು ಮಾಡಬೇಕು? ಹಾಗಾಗಿ ಮರುಪಾವತಿ ನಿಯಮ ಮಾಡಿದರೆ ಹಣ ಹೋಗುವುದು ಮೊದಲೇ ಹಣ ಇದ್ದವರಿಗೆ.

ಕ್ಯಾಲಿಫೋರ್ನಿಯಾದ ಉದಾಹರಣೆ ನೋಡಿ. 2020ರ ಏಪ್ರಿಲ್‌ನಲ್ಲಿ ಅಲ್ಲಿ ಪ್ರಾಜೆಕ್ಟ್ ರೂಮ್‌ಕೀ ಅಂತ ಶುರು ಮಾಡಿದರು. ಖಾಲಿ ಬಿದ್ದಿದ್ದ ಹೋಟೆಲ್ ಕೋಣೆಗಳಲ್ಲಿ ಮನೆ ಇಲ್ಲದವರನ್ನು ಇಡುವುದು, ಗುರಿ 15 ಸಾವಿರ ಕೋಣೆ. ಖರ್ಚಿನ ಶೇ. 75 ಭಾಗವನ್ನು ಫೆಮಾ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ, ಮರುಪಾವತಿ ಮಾಡುವುದಾಗಿ ಒಪ್ಪಿತು. 2021ರ ಜನವರಿಯಲ್ಲಿ ಸರ್ಕಾರ ಬದಲಾದ ಮೇಲೆ ಅದು ಶೇ. 100 ಆಯಿತು. ಒಳ್ಳೆಯದೇ. ಆದರೆ 2023ರ ಅಕ್ಟೋಬರ್‌ನಲ್ಲಿ ಫೆಮಾದಿಂದ ಒಂದು ಪತ್ರ ಬಂತು: 2021ರ ಜೂನ್ 11ರ ನಂತರದ ಅವಧಿಗೆ ಒಬ್ಬರಿಗೆ 20 ದಿನದ ವಾಸಕ್ಕೆ ಮಾತ್ರ ಹಣ ಕೊಡುತ್ತೇವೆ ಅಂತ. ಖರ್ಚು ಮಾಡಿ ಎರಡು ವರ್ಷ ಆಗಿದೆ, ಜನ ತಿಂಗಳುಗಟ್ಟಲೆ ಇದ್ದು ಹೋಗಿದ್ದಾರೆ, ಆಮೇಲೆ ಈ ಪತ್ರ! ಸ್ಯಾನ್ ಫ್ರಾನ್ಸಿಸ್ಕೋದಂಥ ಶ್ರೀಮಂತ ನಗರವೇ ತಲೆ ಮೇಲೆ ಕೈ ಹೊತ್ತುಕೊಳ್ಳುವ ಹಾಗಾಯಿತು. ನಿಮ್ಮ ಮೂರನೇ ಪ್ರಶ್ನೆಗೆ ಇದೇ ನನ್ನ ಉತ್ತರ. ಬಾಯಿಮಾತಿನ ಭರವಸೆ ನಂಬಬೇಡಿ. ಎಷ್ಟು ದಿನದವರೆಗೆ, ಯಾವ ಯಾವ ಖರ್ಚಿಗೆ, ಯಾವ ದಾಖಲೆ ಕೊಟ್ಟರೆ ಅನ್ನುವುದು ಬರವಣಿಗೆಯಲ್ಲಿ ಇರಬೇಕು, ಮಧ್ಯದಲ್ಲಿ ನಿಯಮ ಬದಲಾದರೆ ಹಳೆಯ ಖರ್ಚಿಗೆ ಅದು ಅನ್ವಯ ಆಗಬಾರದು ಅಂತಲೂ.

ಅದೇ ಅಮೆರಿಕದಲ್ಲಿ ಚೆನ್ನಾಗಿ ಮಾಡಿದ್ದೂ ಇದೆ, ಅದನ್ನೂ ಹೇಳಬೇಕು. 2020ರ ಮಾರ್ಚ್ 27ರಂದು ಜಾರಿಗೆ ಬಂದ ಕೇರ್ಸ್ ಕಾಯ್ದೆಯಲ್ಲಿ ಆಶ್ರಯ ಕೇಂದ್ರಗಳಂಥ ಕೆಲಸಕ್ಕೆಂದೇ 400 ಕೋಟಿ ಡಾಲರ್ ಇಟ್ಟರು. ಮಾಮೂಲಿಯಾಗಿ ಈ ಅನುದಾನ ಬೇಕಾದರೆ ಸ್ಥಳೀಯರು ಅಷ್ಟೇ ಮೊತ್ತದ ಪಾಲು ಹಾಕಬೇಕು. ಆ ಷರತ್ತನ್ನು ಈ ಹಣಕ್ಕೆ ತೆಗೆದುಹಾಕಿದರು. ಸುಮ್ನೆ ಮೊತ್ತ ನೋಡಿದರೆ ಈ ಬದಲಾವಣೆ ಕಣ್ಣಿಗೇ ಬೀಳಲ್ಲ, ಆದರೆ ಕೈಯಲ್ಲಿ ಹಣ ಇಲ್ಲದ ಊರಿಗೆ ಅದೇ ದೊಡ್ಡದು. ತೆರಿಗೆ ವಸೂಲಿ ನಿಂತುಹೋದ ಸಮಯದಲ್ಲಿ "ನಿಮ್ಮ ಪಾಲು ಹಾಕಿ" ಅಂದರೆ ಯಾರು ಹಾಕುತ್ತಾರೆ?

ನಿಮ್ಮ ಅಭಿಪ್ರಾಯದಲ್ಲಿ ಹೀಗೆ ಬರೆಯಿರಿ ಅಂತ ನನ್ನ ಸಲಹೆ: ತುರ್ತುಸ್ಥಿತಿ ಘೋಷಣೆ ಆದ ದಿನವೇ ಕೇಂದ್ರಗಳಿಗೆ ಮುಂಗಡ ಬಿಡುಗಡೆ ಆಗಬೇಕು, ಅದಕ್ಕೆ ಬಜೆಟ್‌ನಲ್ಲಿ ಈಗಲೇ ಒಂದು ಲೆಕ್ಕ ಶೀರ್ಷಿಕೆ, ಅಂದರೆ ಆ ಖರ್ಚಿಗೆಂದೇ ಒಂದು ಪ್ರತ್ಯೇಕ ಸಾಲು, ತೆರೆದಿಡಬೇಕು. ಶೀರ್ಷಿಕೆ ಇಲ್ಲದಿದ್ದರೆ ಖಜಾನೆಯಲ್ಲಿ ಬಿಲ್ ಪಾಸ್ ಆಗಲ್ಲ, ಸಭೆ ಕರೆಯಬೇಕು, ಆಗ ಸಭೆ ಸೇರಲೂ ಆಗಿರಲ್ಲ. ಮುಂದಿನ ಕಂತಿಗೆ ಬಳಕೆ ಪ್ರಮಾಣಪತ್ರ (ಕೊಟ್ಟ ಹಣ ಅದೇ ಕೆಲಸಕ್ಕೆ ಖರ್ಚಾಗಿದೆ ಅನ್ನುವ ಪತ್ರ) ಕೇಳಲಿ, ತಪ್ಪಿಲ್ಲ, ಆದರೆ ಮೊದಲ ಕಂತಿಗೆ ಕೇಳಬಾರದು.

ನೇರ_ಪ್ರಶ್ನೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಸಾಂಕ್ರಾಮಿಕ ಬಂದಾಗ ಸ್ಥಳೀಯ ಆಡಳಿತದ ಆದಾಯವೇ ಬಿದ್ದುಹೋಗುತ್ತದೆ. ಅಂಗಡಿ ಮುಚ್ಚಿದರೆ ಶುಲ್ಕ ಇಲ್ಲ, ಬಸ್ಸು ನಿಂತರೆ ವಸೂಲಿ ಇಲ್ಲ. ಅದೇ ಸಮಯದಲ್ಲಿ ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದವರು ಸಾವಿರಾರು ಜನ ಇರುತ್ತಾರೆ. ಅವರಿಗೆ ಕೊಡದೆ ಕೆಲವರನ್ನು ಹೋಟೆಲ್ ಕೋಣೆಯಲ್ಲಿ ಇಡುವುದು ನ್ಯಾಯವಾ? ಕೋಣೆ ಬಾಡಿಗೆ, ಕಾವಲು, ಊಟ ಎಲ್ಲ ಸೇರಿದರೆ ಆಶ್ರಯ ಕೇಂದ್ರಕ್ಕಿಂತ ಎಷ್ಟೋ ಪಟ್ಟು ಖರ್ಚು. ರೋಗ ಹೋದ ಮೇಲೆ ಅವರನ್ನು ಮತ್ತೆ ಬೀದಿಗೆ ಬಿಡುತ್ತೀರಿ. ಹಾಗಾದರೆ ಆ ಹಣದಿಂದ ಉಳಿದದ್ದೇನು?

ಮರದ_ನೆರಳು

ನೇರ_ಪ್ರಶ್ನೆ ಅವರೇ, ನೀವು ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ. ಸಾರ್ವಜನಿಕ ಆರೋಗ್ಯ ಓದಿದವಳಾಗಿ ನನಗೆ ತಿಳಿದದ್ದು ಬರೆಯುತ್ತೇನೆ.

ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 26ರಂದು ಸರ್ಕಾರ ಎಲ್ಲ ಸ್ಥಳೀಯ ಕೌನ್ಸಿಲ್‌ಗಳಿಗೆ ಪತ್ರ ಬರೆದು, ಬೀದಿಯಲ್ಲಿ ಮಲಗುವವರನ್ನೂ ಒಂದೇ ಹಾಲ್‌ನಲ್ಲಿ ಗುಂಪಾಗಿ ಮಲಗುವವರನ್ನೂ ಆ ವಾರಾಂತ್ಯದೊಳಗೆ ಸುರಕ್ಷಿತ ವಸತಿಗೆ ಕರೆತನ್ನಿ ಅಂತ ಹೇಳಿತು. ಇದಕ್ಕೆ 'ಎವ್ರಿವನ್ ಇನ್', ಅಂದರೆ ಎಲ್ಲರೂ ಒಳಗೆ, ಅಂತ ಹೆಸರು ಬಂತು. ಇದಕ್ಕೆಂದೇ ಮೊದಲು ಕೊಟ್ಟ ಹಣ ಬರೀ 32 ಲಕ್ಷ ಪೌಂಡ್, ಉಳಿದದ್ದನ್ನು ಕೌನ್ಸಿಲ್‌ಗಳು ತಮಗೆ ಬಂದ ಸಾಮಾನ್ಯ ಕೊರೊನಾ ನೆರವಿನಿಂದ ಹೊಂದಿಸಿದವು. 2021ರ ಜನವರಿ ಹೊತ್ತಿಗೆ 37 ಸಾವಿರ ಜನರಿಗೆ ಈ ನೆರವು ಸಿಕ್ಕಿತ್ತು.

ಇದರಿಂದ ಏನಾಯಿತು ಅಂತ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್ ಪತ್ರಿಕೆಯಲ್ಲಿ 2020ರಲ್ಲೇ ಒಂದು ಅಧ್ಯಯನ ಬಂತು. ಪ್ರತ್ಯೇಕ ಕೋಣೆ, ಸೋಂಕು ತಡೆ ಕ್ರಮ ಇವೆಲ್ಲದರಿಂದ ಮೊದಲ ಅಲೆಯಲ್ಲಿ ಇಂಗ್ಲೆಂಡಿನ ಮನೆ ಇಲ್ಲದವರಲ್ಲಿ ಸುಮಾರು 21 ಸಾವಿರ ಸೋಂಕು, 1,164 ಆಸ್ಪತ್ರೆ ದಾಖಲಾತಿ, 338 ಐಸಿಯು ದಾಖಲಾತಿ, 266 ಸಾವು ತಪ್ಪಿರಬಹುದು ಅಂತ ಲೆಕ್ಕ ಹಾಕಿದರು. ಇದು ಗಣಿತದ ಮಾದರಿ ಬಳಸಿ ಮಾಡಿದ ಅಂದಾಜು, ಒಬ್ಬೊಬ್ಬರನ್ನೂ ಎಣಿಸಿದ್ದಲ್ಲ. ಆದರೂ ಐಸಿಯು ಹಾಸಿಗೆ ಸಿಗದೆ ಜನ ಅಲೆದ ಆ ದಿನಗಳನ್ನು ನೆನೆಸಿಕೊಳ್ಳಿ. ಉಳಿದ ಆ ಹಾಸಿಗೆಗಳು ಬೇರೆಯವರಿಗೆ ಸಿಕ್ಕವು, ಅಲ್ವಾ? ಕೋಣೆಯ ಬಾಡಿಗೆಯನ್ನು ಆಶ್ರಯ ಕೇಂದ್ರದ ಖರ್ಚಿನ ಜೊತೆ ಮಾತ್ರ ಹೋಲಿಸಿದರೆ ದುಬಾರಿ ಅನ್ನಿಸುತ್ತದೆ. ಆಸ್ಪತ್ರೆಯ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿ. ಕಷ್ಟ ಏನೆಂದರೆ ಕೋಣೆಗೆ ಹಣ ಕೊಡುವುದು ಸ್ಥಳೀಯ ಆಡಳಿತ, ಉಳಿತಾಯ ಆಗುವುದು ಆರೋಗ್ಯ ಇಲಾಖೆಗೆ. ಎರಡೂ ಬೇರೆ ಬೇರೆ ಪುಸ್ತಕದಲ್ಲಿ ಇರುವುದರಿಂದ ಯಾರಿಗೂ ಲಾಭ ಕಾಣುವುದಿಲ್ಲ. ಹಾಗಾಗಿ ಈ ಖರ್ಚಿನಲ್ಲಿ ಆರೋಗ್ಯ ಬಜೆಟ್‌ನ ಪಾಲೂ ಇರಬೇಕು ಅಂತ ಕೇಳುವುದು ನ್ಯಾಯ.

ಬಾಡಿಗೆ ಕಟ್ಟಲಾಗದವರ ವಿಷಯ ಬೇರೆ ಅಂತ ನಾನು ಹೇಳಲ್ಲ. ಅವರಿಗೆ ನೆರವು ಸಿಗದಿದ್ದರೆ ಅವರೇ ನಾಳೆ ಆಶ್ರಯ ಕೇಂದ್ರದ ಬಾಗಿಲಿಗೆ ಬರುತ್ತಾರೆ. ಎರಡಕ್ಕೂ ಹಣ ಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ತಡೆಯುವುದು ಬೇಡ.

ಮತ್ತೆ ಬೀದಿಗೆ ಬಿಡುತ್ತೀರಿ ಅಂದಿರಲ್ಲ, ಅದು ನಿಜವಾದ ಭಯ. ಇಂಗ್ಲೆಂಡಿನಲ್ಲೂ ಕೆಲವೇ ತಿಂಗಳಲ್ಲಿ ಗೊಂದಲ ಶುರುವಾಯಿತು. ವಲಸೆಯ ಕಾರಣಕ್ಕೆ ಸರ್ಕಾರಿ ನೆರವಿಗೆ ಅರ್ಹತೆ ಇಲ್ಲದವರನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಒಂದೊಂದು ಕೌನ್ಸಿಲ್ ಒಂದೊಂದು ರೀತಿ ಮಾಡಿತು. ಕ್ಯಾಲಿಫೋರ್ನಿಯಾ ಇದಕ್ಕೆ ಇನ್ನೊಂದು ದಾರಿ ಹಿಡಿಯಿತು. 2020ರ ಬೇಸಿಗೆಯಲ್ಲಿ ಹೋಮ್‌ಕೀ ಅಂತ 60 ಕೋಟಿ ಡಾಲರ್ ಇಟ್ಟು, ಹೋಟೆಲ್‌ಗಳನ್ನು ಬಾಡಿಗೆಗೆ ಹಿಡಿಯುವ ಬದಲು ಕೊಂಡೇಬಿಡಿ ಅಂತ ಸ್ಥಳೀಯ ಆಡಳಿತಗಳಿಗೆ ಹಣ ಕೊಟ್ಟರು. ಅದರಲ್ಲಿ ಬಹುಪಾಲು ಅಮೆರಿಕದ ಕೇಂದ್ರ ಸರ್ಕಾರದ ಕೊರೊನಾ ನಿಧಿ, ಆ ವರ್ಷ ಡಿಸೆಂಬರ್ ಒಳಗೆ ಖರ್ಚಾಗಬೇಕಿತ್ತು. ಆ ಗಡಿಬಿಡಿಯಲ್ಲೂ ಕಟ್ಟಡ ಕೊಂಡರು. ಬಾಡಿಗೆ ಹಣ ಆ ತಿಂಗಳಿಗೇ ಕರಗಿಹೋಗುತ್ತದೆ, ಕಟ್ಟಡ ಉಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ. ಕಟ್ಟಡ ಕೊಂಡ ಮೇಲೆ ಅದನ್ನು ನಡೆಸುವ ಖರ್ಚು ಪ್ರತಿ ವರ್ಷ ಬರುತ್ತದೆ. ಒಂದು ಸಲ ಬರುವ ಹಣವನ್ನು ಒಂದು ಸಲದ ಖರ್ಚಿಗೆ ಹಾಕಿ, ನಡೆಸುವ ಖರ್ಚಿಗೆ ಮಾಮೂಲಿ ಬಜೆಟ್‌ನಲ್ಲಿ ಜಾಗ ಮಾಡಿ. ಇಲ್ಲದಿದ್ದರೆ ಎರಡು ವರ್ಷದಲ್ಲಿ ಬೀಗ ಬೀಳುತ್ತದೆ.

ಹಳೇ_ಕಡತ

ಭಾರತದ ನಿಯಮಗಳನ್ನು ಯಾರೂ ಹೇಳಿಲ್ಲ, ಅದನ್ನೂ ಸೇರಿಸುತ್ತೇನೆ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ನಂತರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ನಗರ ವಸತಿರಹಿತರ ಆಶ್ರಯ ಅನ್ನುವ ಭಾಗ ಬಂತು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ 100 ಜನ ತಂಗುವ ಒಂದು ಕೇಂದ್ರ, ಒಬ್ಬರಿಗೆ ಕನಿಷ್ಠ 50 ಚದರಡಿ ಜಾಗ, ವರ್ಷವಿಡೀ ದಿನದ 24 ಗಂಟೆ ತೆರೆದಿರಬೇಕು ಅಂತ ಅದರಲ್ಲಿ ಇತ್ತು. ರಾತ್ರಿಪಾಳಿ ಅವರು ಹೇಳಿದ ಸೀಮೆಸುಣ್ಣದ ಗೆರೆಯನ್ನು ಓದುವಾಗ ಇದೇ ನೆನಪಾಯಿತು. ಮಾಮೂಲಿ ದಿನಗಳಲ್ಲೇ ಈ 50 ಚದರಡಿ ಕೊಟ್ಟಿದ್ದರೆ, ಹಗಲೂ ತೆರೆದಿಡುವ ಖರ್ಚನ್ನು ಆಗಲೇ ಕೊಡುತ್ತಿದ್ದರೆ, ರೋಗ ಬಂದ ದಿನ ಗಡಿಬಿಡಿ ಎಷ್ಟೋ ಕಡಿಮೆ ಇರುತ್ತದೆ.

ತುರ್ತು ಹಣದ ವಿಷಯದಲ್ಲೂ ಒಂದು ಉದಾಹರಣೆ ಇದೆ. 2020ರ ಮಾರ್ಚ್ 28ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿ, ಲಾಕ್‌ಡೌನ್‌ನಿಂದ ಸಿಕ್ಕಿಬಿದ್ದ ವಲಸೆ ಕಾರ್ಮಿಕರು ಸೇರಿದಂತೆ ಮನೆ ಇಲ್ಲದವರ ತಾತ್ಕಾಲಿಕ ವಸತಿ, ಊಟ, ಬಟ್ಟೆ, ಚಿಕಿತ್ಸೆಗೆ ರಾಜ್ಯ ವಿಪತ್ತು ಪರಿಹಾರ ನಿಧಿ ಬಳಸಬಹುದು ಅಂತ ಹೇಳಿತು. ಲಾಕ್‌ಡೌನ್ ಶುರುವಾದದ್ದು 25ರಂದು. ಆ ಮೂರು ದಿನದಲ್ಲಿ ಜನ ಹೆದ್ದಾರಿಗೆ ಇಳಿದಿದ್ದರು. ಅನುಮತಿ ಅನ್ನುವುದು ಮೊದಲೇ ಪುಸ್ತಕದಲ್ಲಿ ಇರಬೇಕು ಅಂತ ಲೆಕ್ಕದ_ಪುಟ ಅವರು ಹೇಳಿದ್ದು ಇದಕ್ಕೇ.

ಕಿಟಕಿ_ಬೆಳಕು

ಎಲ್ಲರಿಗೂ ತುಂಬಾ ಧನ್ಯವಾದ. ನೇರ_ಪ್ರಶ್ನೆ ಅವರಿಗೂ, ನಮ್ಮ ಸಮಿತಿಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಈಗ ಉತ್ತರ ಇದೆ.

ಆ ಒಂದು ಸಾಲಿನ ಬದಲು ಹೀಗೆ ಬರೆಯೋಣ ಅಂದುಕೊಂಡಿದ್ದೇನೆ. ತುರ್ತುಸ್ಥಿತಿ ಘೋಷಣೆಯಾದ ದಿನ, ಕೇಂದ್ರದ ಹಿಂದಿನ ವರ್ಷದ ಸರಾಸರಿ ಮಾಸಿಕ ಖರ್ಚಿನ ಆಧಾರದ ಮೇಲೆ ಮೂರು ತಿಂಗಳ ಮುಂಗಡ ಬಿಡುಗಡೆ ಮಾಡಬೇಕು. ಅಂತರಕ್ಕಾಗಿ ಹಾಸಿಗೆ ಕಡಿಮೆ ಮಾಡಿದರೆ ಅನುದಾನ ಕಡಿಮೆ ಆಗಬಾರದು. ಹಗಲು ಪಾಳಿ, ಬದಲಿ ಸಿಬ್ಬಂದಿ, ಪರೀಕ್ಷೆ ಇವುಗಳ ಖರ್ಚು ಬೇರೆ. ಜಾಗ ಸಿಗದವರಿಗೆ ಬಳಸುವ ಕಟ್ಟಡ ಅಥವಾ ಕೋಣೆಗಳ ಒಪ್ಪಂದವನ್ನು ಈಗಲೇ, ದರ ಸಮೇತ, ಮಾಡಿಟ್ಟಿರಬೇಕು. ಕೋಣೆಗಳನ್ನು ಮುಚ್ಚುವ ಮೊದಲು ಅಲ್ಲಿರುವ ಪ್ರತಿಯೊಬ್ಬರಿಗೂ ಮುಂದಿನ ವಸತಿ ಎಲ್ಲಿ ಅಂತ ಬರವಣಿಗೆಯಲ್ಲಿ ಇರಬೇಕು.

ಲೆಕ್ಕದ_ಪುಟ ಸರ್, ಆಡಿಟ್‌ನವರು ಇದನ್ನು ಒಪ್ಪುತ್ತಾರಾ? ಮುಂಗಡ ಕೊಟ್ಟ ಅಧಿಕಾರಿಯ ತಲೆ ಮೇಲೆ ಆಮೇಲೆ ಏನಾದರೂ ಬಂದರೆ ಮುಂದಿನ ಸಲ ಯಾರೂ ಸಹಿ ಹಾಕಲ್ಲ.

ಲೆಕ್ಕದ_ಪುಟ

ಒಪ್ಪುತ್ತಾರೆ ಮೇಡಂ, ಎರಡು ವಿಷಯ ಸೇರಿಸಿದರೆ. ಮುಂಗಡಕ್ಕೆ ಮಂಜೂರಾತಿ ಕೊಡುವ ಅಧಿಕಾರ ಯಾವ ಹುದ್ದೆಗೆ, ಎಷ್ಟು ಮೊತ್ತದವರೆಗೆ ಅಂತ ಯೋಜನೆಯಲ್ಲೇ ಬರೆಯಿರಿ. ಆಗ ಅಧಿಕಾರಿ ನಿಯಮದ ಪ್ರಕಾರ ಸಹಿ ಹಾಕಿದ ಹಾಗಾಗುತ್ತದೆ, ಸ್ವಂತ ಧೈರ್ಯದ ಮೇಲೆ ಅಲ್ಲ. ಎರಡನೆಯದು, ಕೇಂದ್ರದವರು ಇಡಬೇಕಾದ ದಾಖಲೆಗಳನ್ನು ಕಡಿಮೆ ಮಾಡಿ, ಆದರೆ ಖಚಿತ ಮಾಡಿ: ದಿನದ ಹಾಜರಿ ಪುಸ್ತಕ, ಸಿಬ್ಬಂದಿ ಸಂಬಳದ ಪಟ್ಟಿ, ಖರೀದಿ ಬಿಲ್‌ಗಳು. ಹಾಜರಿಗೆ ಗುರುತಿನ ಚೀಟಿ ಕಡ್ಡಾಯ ಅಂತ ಮಾತ್ರ ಹಾಕಬೇಡಿ. ಬೀದಿಯಲ್ಲಿ ಮಲಗುವವರ ಹತ್ತಿರ ಚೀಟಿ ಇರುವುದಿಲ್ಲ, ಚೀಟಿ ಇಲ್ಲದವರನ್ನು ಕೇಂದ್ರದವರು ಲೆಕ್ಕಕ್ಕೆ ಹೆದರಿ ಹೊರಗಿಡುತ್ತಾರೆ. ಹೆಸರು, ಸುಮಾರು ವಯಸ್ಸು, ಸಹಿ ಅಥವಾ ಹೆಬ್ಬೆಟ್ಟು ಸಾಕು.

ಮಂಜೂರು ಮಾಡುವ ಹುದ್ದೆ ಬರೆಯುವಾಗ ಅವರಿಲ್ಲದಿದ್ದರೆ ಸಹಿ ಹಾಕುವ ಎರಡನೇ ಹುದ್ದೆಯನ್ನೂ ಬರೆಯಿರಿ. ರೋಗ ಕಚೇರಿಗೂ ಬರುತ್ತದೆ. 2020ರಲ್ಲಿ ಕಡತ ಸಿದ್ಧ ಇದ್ದು, ಸಹಿ ಹಾಕುವವರು ಕ್ವಾರಂಟೈನ್‌ನಲ್ಲಿ ಇದ್ದಾರೆ ಅಂತ ಹಣ ನಿಂತದ್ದನ್ನು ನಾನು ನೋಡಿದ್ದೇನೆ. ಕರಡು ಸಿದ್ಧ ಆದ ಮೇಲೆ ಇಲ್ಲಿ ಹಾಕಿ, ಕಳಿಸುವ ಮೊದಲು ಒಂದು ಸಲ ನೋಡಿಕೊಡುತ್ತೇನೆ.